ಕುಬರಾಳ ಲೋಟ

ಭಾಲ್ಕಿ
7 ಡಿಸೆಂಬರ್ 2003

ಕುಬರಾ,

ಪತ್ರ ಶುರು ಮಾಡುವಾಗ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕಂತೆ. ಬರೆದೆ, ಆದರೆ ಪೂರ್ತಿ ನಿಜವಲ್ಲ. ಒಂಬತ್ತನೆಯ ತರಗತಿಯಲ್ಲಿ ನಿನ್ನ ಜಾಗ ಖಾಲಿ ಇದೆ. ಹಾಸ್ಟೆಲಿನಲ್ಲಿ ನೀನು ಆಗಾಗ ಬಂದು ಕೂರುತ್ತಿದ್ದ ಕಿಟಕಿಯ ಮೇಲೆ ಈಗ ಯಾರದೋ ಒದ್ದೆ ಬಟ್ಟೆ ಒಣಗುತ್ತದೆ. ಈ ಬರಗಾಲದಲ್ಲಿ ಊರಿನಲ್ಲಿ ಒಬ್ಬರೂ ಗಾದಿ ಬಿಚ್ಚಿ ಅರಳೆ ಹಿಂಜಿಸಲಿಲ್ಲ, ಬಾಬುಮಿಯಾ ಚಾಚಾ ನಿನ್ನನ್ನೂ ಅಮ್ಮಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೋಗದೆ ಮತ್ತೇನು ಮಾಡಬೇಕಿತ್ತು ಎಂದು ನಮ್ಮ ಅವ್ವ ಹೇಳುತ್ತಾಳೆ. ಅದು ನನಗೂ ತಿಳಿಯುತ್ತದೆ. ಆದರೂ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಸುದ್ದಿ ಇದು. ನಮ್ಮ ಪ್ರಯೋಗವನ್ನು ವೈಜಿನಾಥ ಸರ್ ಬೀದರಿನ ಜಿಲ್ಲಾ ಸ್ಪರ್ಧೆಗೆ ಕಳಿಸುತ್ತಾರಂತೆ. ನಾನು ಭಾಷಣ ಮಾಡಬೇಕು. ಬರೆದಿದ್ದೇನೆ, ನಿನಗೆ ಎಲ್ಲ ಗೊತ್ತಿರುವುದೇ, ಆದರೂ ಏನೂ ಗೊತ್ತಿಲ್ಲದವಳ ಹಾಗೆ ಓದಿ ತಪ್ಪು ಹೇಳು.

"ಮಾನ್ಯರೆ, ಒಂದು ಮೀಟರನ್ನು ನೂರು ಕೋಟಿ ತುಂಡು ಮಾಡಿದರೆ ಒಂದು ತುಂಡಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಈ ಬಿಳಿ ಪುಡಿಯನ್ನು ಪಿಷ್ಟದಿಂದ ಮಾಡುತ್ತಾರೆ. ಇದರ ಹೆಸರು ಸೈಕ್ಲೋಡೆಕ್ಸ್‌ಟ್ರಿನ್. ಇದರ ಒಂದೊಂದು ಅಣುವೂ ಒಂದು ಬುಟ್ಟಿ. ಸಕ್ಕರೆಯ ಏಳು ತುಣುಕುಗಳು ಕೈಹಿಡಿದು ಸುತ್ತ ನಿಂತಿವೆ, ನಡುವಿನ ತೂತು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ನೀರಿಗೆ ಬಟ್ಟೆಸೋಡಾ, ಫಿನಾಫ್ತಲೀನ್ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಈ ಪುಡಿ ಹಾಕಿದರೆ ಬಣ್ಣದ ಅಣು ಬುಟ್ಟಿಯೊಳಗೆ ಸಿಕ್ಕಿಬೀಳುತ್ತದೆ, ಗುಲಾಬಿ ಮಾಯ. ಆಮೇಲೆ ಕರ್ಪೂರ ಹಾಕಿದರೆ ಬುಟ್ಟಿ ಕರ್ಪೂರವನ್ನು ಒಳಗೆ ಕರೆದುಕೊಂಡು ಬಣ್ಣವನ್ನು ಹೊರಗೆ ಬಿಡುತ್ತದೆ, ಗುಲಾಬಿ ವಾಪಸ್. ಹಿಡಿಯುವುದು, ಬಿಡುವುದು. ಅಣು ಗಾತ್ರದ ಯಂತ್ರಕ್ಕೆ ಬೇಕಾದದ್ದು ಇವೆರಡೇ. ನಾಳೆ ಹೊಲಕ್ಕೆ ಹೊಡೆದ ಔಷಧಿ ಬಾವಿಗೆ ಇಳಿದರೆ ಅದನ್ನೂ ಇಂಥ ಬುಟ್ಟಿಯಿಂದ ಹಿಡಿಯಬಹುದು."

ಹೇಗಿದೆ ಬರೆ. ನೀನು ಅರಳೆಯಿಂದ ಹೊಲಿದ ಬುಟ್ಟಿಯ ಮಾದರಿ ಸರ್ ಕಪಾಟಿನಲ್ಲಿ ಭದ್ರವಾಗಿದೆ. ಹೋಗುವ ದಿನ ನಿನಗೆ ಕಟ್ಟಿಕೊಟ್ಟ ಒಂದು ಚಿಟಿಕೆ ಪುಡಿಯ ವಿಷಯ ಯಾರಿಗೂ ಹೇಳಬೇಡ. ಹೈದರಾಬಾದಿನ ಔಷಧಿ ಕಂಪನಿಯ ಗೆಳೆಯನನ್ನು ಕಾಡಿಬೇಡಿ ಸರ್ ಅಷ್ಟನ್ನು ತರಿಸಿದ್ದು.

ನಿನ್ನ ಭಾಗೀರಥಿ


ಹೈದರಾಬಾದ್
17 ಡಿಸೆಂಬರ್ 2003

ಭಾಗಿ,

ಭಾಷಣ ಓದಿದೆ. ಎರಡನೆಯ ಸಾಲಿಗೇ ಪರೀಕ್ಷಕರಿಗೆ ಆಕಳಿಕೆ ಬರುತ್ತದೆ. ನೂರು ಕೋಟಿ ತುಂಡು ಅಂದರೆ ಯಾರಿಗೆ ಕಣ್ಣಿಗೆ ಕಟ್ಟುತ್ತದೆ? ನನ್ನ ಅರಳೆ ಬುಟ್ಟಿಯನ್ನು ಮೊದಲು ಕೈಗೆ ಕೊಡು, ಆಮೇಲೆ ಬಾಯಿ ತೆರೆ. ಯಂತ್ರ ಅನ್ನಬೇಡ, ಗಾಲಿ ಎಲ್ಲಿ ಅಂತ ಕೇಳುತ್ತಾರೆ.

ಇನ್ನೊಂದು ತಪ್ಪು ಇದೆ, ದೊಡ್ಡದು. ನನ್ನ ಲೋಟ ಎಲ್ಲಿ? ನೀನು ಪುಡಿ ಹಾಕಿದ ಲೋಟ ಹಿಡಿದು ರಾಣಿಯ ಹಾಗೆ ನಿಲ್ಲುತ್ತಿದ್ದೆ, ನಾನು ಪುಡಿ ಹಾಕದ ಲೋಟ ಹಿಡಿದು ಸುಮ್ಮನೆ ಕೂರುತ್ತಿದ್ದೆ. "ಒಬ್ಬರು ಮಾಡಬೇಕು, ಒಬ್ಬರು ಏನೂ ಮಾಡದೆ ಕೂಡಬೇಕು. ಕೂಡೋದೂ ಕೆಲಸಾನೇ ಅದ" ಅಂತ ಸರ್ ನನಗೆ ಸಮಾಧಾನ ಹೇಳುತ್ತಿದ್ದುದು ನೆನಪಿದೆಯಾ? ಆ ಕೆಲಸದಲ್ಲಿ ಭಾಲ್ಕಿಯಲ್ಲಿ ನನ್ನಷ್ಟು ಹುಷಾರಿ ಯಾರೂ ಇರಲಿಲ್ಲ. ಭಾಷಣದಲ್ಲಿ ಅದನ್ನು ನುಂಗಿಬಿಟ್ಟಿದ್ದೀಯ.

ಇಲ್ಲಿ ನನ್ನ ಸಾಲೆ ಬಹಳ ದೊಡ್ಡದು. ಮೂರು ಮಹಡಿ, ಹಸಿರು ಗೇಟು, ಮಧ್ಯಾಹ್ನ ಗಂಟೆ ಹೊಡೆದರೆ ಬೀದಿಯೆಲ್ಲ ಬಿಳಿ ಸಮವಸ್ತ್ರ. ಅಬ್ಬಾ ಅಬ್ದುಲ ಅಜೀಜ ಎಂಬವರ ಗಾದಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಾರೆ. ಮದುವೆ ಸೀಸನ್, ಕೈತುಂಬ ಕೆಲಸ. ಅಮ್ಮಿ ನಗುತ್ತಾಳೆ. ಇಷ್ಟು ಸಾಕಲ್ಲ.

ಕುಬರಾ


ಭಾಲ್ಕಿ
30 ಡಿಸೆಂಬರ್ 2003

ಕುಬರಾ,

ಮೂರು ಮಹಡಿಯ ಸಾಲೆ ಎಂದು ಓದಿ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅಲ್ಲಿಯ ಪ್ರಯೋಗಶಾಲೆ ಹೇಗಿದೆ, ಗಾಜಿನ ಸಾಮಾನು ಏನೇನಿದೆ, ಎಲ್ಲ ಬರೆ.

ನಮ್ಮ ಸಾಲೆಯ ಬಾವಿ ಬತ್ತಿತು. ಹಗ್ಗ ಇಳಿಬಿಟ್ಟರೆ ಕೊಡ ಕಲ್ಲಿಗೆ ಬಡಿಯುತ್ತದೆ. ಈಗ ಟ್ಯಾಂಕರ್ ಬರುತ್ತದೆ, ಹುಡುಗಿಯರೆಲ್ಲ ಸಾಲು ನಿಂತು ಹಿಡಿಯಬೇಕು. ನಮ್ಮೂರು ಖಟಕ ಚಿಂಚೋಳಿಯಿಂದ ಅವ್ವ ಬಂದಿದ್ದಳು, ನನ್ನ ಕೈ ನೋಡಿ "ಓದಾಕ ಬಿಟ್ಟೀನೋ ನೀರು ಹೊರಾಕ ಬಿಟ್ಟೀನೋ" ಎಂದು ಗೊಣಗಿದಳು.

ಆದರೆ ಕುಬರಾ, ಪ್ರಯೋಗ ಈಗ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ. ನೀನಿದ್ದಾಗ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ, ನಸುಗುಲಾಬಿ ಉಳಿಯುತ್ತಿತ್ತು. ಈಗ ಒಂದು ಚೂರು ಪುಡಿಗೇ ನೀರು ಸ್ವಚ್ಛ ಬಿಳಿ. ಸರ್ ಕೂಡ ಹುಬ್ಬೇರಿಸಿದರು. ಕೈ ಪಳಗಿದೆ ಎಂದರು. ನಾನು ಉಬ್ಬಿಹೋದೆ.

ಕರ್ಪೂರ ಮಾತ್ರ ಸರಿ ಕೆಲಸ ಮಾಡುತ್ತಿಲ್ಲ. ಬಣ್ಣ ವಾಪಸ್ ಬರುತ್ತಿಲ್ಲ. ಹೊಸ ಅಂಗಡಿಯಿಂದ ತಂದ ಕರ್ಪೂರ, ಕಲಬೆರಕೆ ಇರಬೇಕು. ಬೇರೆ ತರಿಸುತ್ತೇನೆ.

ಭಾಗೀರಥಿ


ಹೈದರಾಬಾದ್
8 ಜನವರಿ 2004

ಭಾಗಿ,

ಪ್ರಯೋಗಶಾಲೆ ಚೆನ್ನಾಗಿದೆ. ಗಾಜಿನ ಸಾಮಾನೂ ಇದೆ. ಅದರ ಬಗ್ಗೆ ಬರೆಯಲು ಏನಿದೆ.

ಬಣ್ಣ ವಾಪಸ್ ಬಂತಾ? ಅದನ್ನು ಮೊದಲು ಹೇಳು. ಹಿಡಿಯುವುದನ್ನು ಯಾರು ಬೇಕಾದರೂ ತೋರಿಸುತ್ತಾರೆ, ಬಿಡುವುದರಲ್ಲೇ ನಮ್ಮ ಪ್ರಯೋಗದ ಜೀವ ಇರುವುದು ಅಂತ ನೀನೇ ನನ್ನ ತಲೆ ತಿಂದಿದ್ದೆ. ಕರ್ಪೂರದ ಅಂಗಡಿಯವನನ್ನು ಬಯ್ಯುವ ಮೊದಲು ಇನ್ನೊಮ್ಮೆ ಮಾಡಿ ನೋಡು.

ಕೈ ನೋಯುತ್ತಿದೆ, ಹೆಚ್ಚು ಬರೆಯಲಾರೆ.

ಕುಬರಾ


ಭಾಲ್ಕಿ
20 ಜನವರಿ 2004

ಕುಬರಾ,

ಗೆದ್ದೆವು. ಜಿಲ್ಲೆಗೆ ಮೊದಲ ಬಹುಮಾನ. ಬೀದರಿನ ಸಭಾಂಗಣದಲ್ಲಿ ನನ್ನ ಹೆಸರು ಕೂಗಿದಾಗ ಸರ್ ಬೆನ್ನು ತಟ್ಟಿ ಎಬ್ಬಿಸಿದರು. ಔರಾದ, ಹುಮನಾಬಾದ, ಬಸವಕಲ್ಯಾಣ, ಎಲ್ಲ ಕಡೆಯಿಂದ ಬಂದಿದ್ದರು. ನೀನು ಹೇಳಿದ ಹಾಗೆ ಅರಳೆ ಬುಟ್ಟಿಯನ್ನು ಮೊದಲು ಕೈಗೆ ಕೊಟ್ಟೆ. ಒಬ್ಬ ಪರೀಕ್ಷಕರು ಅದನ್ನು ಕೊನೆಯವರೆಗೂ ಕೆಳಗಿಡಲಿಲ್ಲ. ಮಾರ್ಚ್ ಮೊದಲ ವಾರ ಬೆಂಗಳೂರಿನಲ್ಲಿ ರಾಜ್ಯಮಟ್ಟ. ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳಂತೆ.

ಒಂದು ಮಾತು ಹೇಳಬೇಕು. ಪ್ರಮಾಣಪತ್ರದಲ್ಲಿ ನನ್ನ ಹೆಸರು ಒಂದೇ ಇದೆ. ಈಗ ಆ ಸಾಲೆಯಲ್ಲಿ ಓದುತ್ತಿರುವವರ ಹೆಸರು ಮಾತ್ರ ಹಾಕುವ ನಿಯಮವಂತೆ. ಸರ್ ವಾದ ಮಾಡಿದರು, ಕೇಳಲಿಲ್ಲ. ನಿನಗೆ ದೊಡ್ಡ ಸಾಲೆ ಸಿಕ್ಕಿದೆ, ಅಲ್ಲಿ ಇದಕ್ಕಿಂತ ದೊಡ್ಡದು ಮಾಡುತ್ತೀಯ ಎಂದು ನನಗೆ ನಾನೇ ಹೇಳಿಕೊಂಡೆ.

ಕರ್ಪೂರದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಭಾಗೀರಥಿ


ಹೈದರಾಬಾದ್
5 ಫೆಬ್ರವರಿ 2004

ಭಾಗಿ,

ಮುಬಾರಕ್. ಅಮ್ಮಿ ನಿನ್ನ ಪತ್ರವನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದಳು. ನನ್ನ ಹೆಸರಿನ ಚಿಂತೆ ಬೇಡ. ಏನೂ ಮಾಡದ ಲೋಟ ಹಿಡಿದವಳ ಹೆಸರನ್ನು ಯಾರು ಬರೆಯುತ್ತಾರೆ.

ಬಕ್ರೀದಿಗೆ ಅಬ್ಬಾ ಅಮ್ಮಿಗೆ ಕೆಂಪು ಓಢಣಿ ತಂದಿದ್ದರು. ಪಾಪ, ಒಂದು ಸಲ ಒಗೆದದ್ದಕ್ಕೇ ಅದರ ಬಣ್ಣ ಸತ್ತುಹೋಯಿತು. ಇಲ್ಲಿಯ ನಲ್ಲಿ ನೀರಿಗೆ ಅಷ್ಟು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಚಹಾ ಕುಡಿದರೆ ಆಸ್ಪತ್ರೆಯ ನೆಲದ ಫರಶಿ ನೆಕ್ಕಿದ ಹಾಗಾಗುತ್ತದೆ. ಅಮ್ಮಿ ಓಢಣಿಯವನನ್ನು ಬಯ್ದಳು, ನಾನು ನೀರನ್ನು ಬಯ್ದೆ, ಅಬ್ಬಾ ಇಬ್ಬರನ್ನೂ ಬಯ್ದರು. ನಿಮ್ಮ ಟ್ಯಾಂಕರ್ ನೀರು ಹೇಗಿದೆ? ಬಾವಿ ನೀರಿನ ಚಹಾ ನೆನೆದರೆ ನನಗೆ ಅಳು ಬರುತ್ತದೆ.

ಬೆಂಗಳೂರಿಗೆ ಹೋಗುವ ಮೊದಲು ಬರೆ.

ಕುಬರಾ


ಹೈದರಾಬಾದ್
17 ಫೆಬ್ರವರಿ 2004

ಭಾಗೀರಥಿ,

ನಿನ್ನ ಪತ್ರವಿಲ್ಲ. ಅಂಚೆಯವನು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸದೆ ಹೋಗುತ್ತಾನೆ, ದಿನಾ.

ಮೊದಲು ನೀನು ಬಹುಮಾನದ ಗುಂಗಿನಲ್ಲಿದ್ದೀಯ ಅಂದುಕೊಂಡೆ. ಆಮೇಲೆ ನನ್ನ ಹೆಸರಿನ ಮಾತಿಗೆ ಚುಚ್ಚಿದೆನಲ್ಲ, ಅದಕ್ಕೆ ಸಿಟ್ಟಾದೆ ಅಂದುಕೊಂಡೆ. ಈಗ ಅನಿಸುತ್ತಿದೆ, ನಿನಗೆ ಯಾರೋ ನಿಜ ಹೇಳಿದ್ದಾರೆ. ಭಾಲ್ಕಿಯಿಂದ ಇಲ್ಲಿಗೆ ಬರುವವರು ಬಹಳ ಜನ, ಯಾರಾದರೂ ನೋಡಿರುತ್ತಾರೆ.

ಹಾಗಿದ್ದರೆ ನನ್ನ ಬಾಯಿಂದಲೇ ಕೇಳು. ನಾನು ಯಾವ ಸಾಲೆಗೂ ಹೋಗುತ್ತಿಲ್ಲ. ಮೂರು ಮಹಡಿಯ ಸಾಲೆ ಇರುವುದು ನಿಜ, ಅದು ನಮ್ಮ ಅಂಗಡಿಯ ಎದುರಿಗಿದೆ. ನಾನು ಅದರ ಗೇಟಿಗೆ ಮುಖ ಮಾಡಿ ಕೂತು ದಿಂಬು ತುಂಬುತ್ತೇನೆ. ಅಲ್ಲಿ ಕನ್ನಡ ಇಲ್ಲ. ಅಬ್ಬಾ ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಕೇಳಿದರು, "ಬೇಟಿ, ಸಾಲಿ ಏನ್ ಮಾಡೂನು?" ಅಂತ. ಅವರ ಮುಖ ನೋಡಲಾಗಲಿಲ್ಲ. ನನಗೆ ಸಾಲೆ ಬೇಡವೇ ಬೇಡ, ಓದಿ ಬೇಸರ ಬಂದಿದೆ ಅಂದೆ. ಅವರು ನಂಬಿದರು. ನಂಬಿದ್ದು ನನಗೆ ಇನ್ನೂ ಕೆಟ್ಟದ್ದೆನಿಸಿತು, ಅದೇಕೋ ಗೊತ್ತಿಲ್ಲ.

ನಿನಗೆ ಸುಳ್ಳು ಬರೆದದ್ದು ನೀನು ಅಯ್ಯೋ ಪಾಪ ಅನ್ನಬಾರದೆಂದು. ಈಗ ಹೇಳಿಯಾಯಿತು. ಸಿಟ್ಟಿದ್ದರೆ ಒಂದು ಸಾಲು ಬಯ್ದು ಬರೆ. ಸುಮ್ಮನಿರಬೇಡ.

ಕುಬರಾ


ಭಾಲ್ಕಿ
20 ಫೆಬ್ರವರಿ 2004

ನನ್ನ ಕುಬರಾ,

ನನಗೆ ಯಾರೂ ಏನೂ ಹೇಳಿರಲಿಲ್ಲ. ನಿನ್ನ ಮೇಲೆ ಸಿಟ್ಟೂ ಇರಲಿಲ್ಲ. ನಾನು ಬರೆಯದೆ ಇದ್ದದ್ದು ಹೆದರಿ.

ನಿನ್ನ ಓಢಣಿಯ ಪತ್ರವನ್ನು ನಗುತ್ತ ಓದಿದೆ. ಆಸ್ಪತ್ರೆಯ ಫರಶಿ ಎಂದದ್ದನ್ನು ಹುಡುಗಿಯರಿಗೆಲ್ಲ ಓದಿ ಹೇಳಿದೆ. ಒಬ್ಬಳು, "ನಮ್ಮ ಟ್ಯಾಂಕರ್ ನೀರೂ ಹಂಗೇ ನಾರ್ತದ. ಊರಾಗ ಕಾಮಾಲಿ ಆದಾಗಿಂದ ಪೌಡರ್ ಭಾಳ ಹಾಕ್ತಾರ" ಅಂದಳು. ನನ್ನ ಕೈಯಲ್ಲಿದ್ದ ಅನ್ನ ತಟ್ಟೆಗೇ ಬಿತ್ತು. ನೇರ ಪ್ರಯೋಗಶಾಲೆಗೆ ಹೋದೆ. ಟ್ಯಾಂಕರ್ ನೀರು ತೆಗೆದುಕೊಂಡು ಗುಲಾಬಿ ಮಾಡಿದೆ. ಬುಟ್ಟಿಯ ಪುಡಿ ಹಾಕಲೇ ಇಲ್ಲ. ಸುಮ್ಮನೆ ನೋಡುತ್ತ ಕೂತೆ, ನೀನು ಕೂರುತ್ತಿದ್ದ ಹಾಗೆ.

ಬಣ್ಣ ತಾನಾಗಿಯೇ ಹೋಯಿತು.

ಡಿಸೆಂಬರಿನಿಂದ ನನ್ನ ಲೋಟದ ಬಣ್ಣ ತಿಂದದ್ದು ನಮ್ಮ ಬುಟ್ಟಿಯಲ್ಲ, ಬ್ಲೀಚಿಂಗ್ ಪೌಡರ್. ಅದು ಬಣ್ಣವನ್ನು ಹಿಡಿದಿಡುವುದಿಲ್ಲ, ಕೊಂದುಬಿಡುತ್ತದೆ. ಅದಕ್ಕೇ ಕರ್ಪೂರ ಹಾಕಿದರೂ ವಾಪಸ್ ಬರುತ್ತಿರಲಿಲ್ಲ. ಕರ್ಪೂರದ ಅಂಗಡಿಯವನದು ಏನೂ ತಪ್ಪಿರಲಿಲ್ಲ. ನೀನು ಹೋದ ಮೇಲೆ ನಿನ್ನ ಲೋಟವನ್ನು ಯಾರೂ ಇಡಲಿಲ್ಲ. ಅದರ ಉತ್ತರ ಗೊತ್ತೇ ಇದೆಯಲ್ಲ, ಬಣ್ಣ ಹಾಗೇ ಇರುತ್ತದೆ, ಅದನ್ನು ಮತ್ತೆ ಮತ್ತೆ ಏನು ನೋಡುವುದು ಎಂದು ಬಿಟ್ಟುಬಿಟ್ಟೆ. ನೀನು ಪತ್ರದಲ್ಲಿ ಕೇಳಿದೆ, ಆಗಲೂ ತಮಾಷೆ ಎಂದುಕೊಂಡೆ.

ಬೀದರಿನಲ್ಲಿ ಒಬ್ಬರು ಕೇಳಿದ್ದರು, "ಬಣ್ಣ ಹೊಳ್ಳಿ ಬರ್ತದೇನವ್ವ?" ಎಂದು. ಮೊದಲು ಬಂದಿತ್ರಿ ಎಂದೆ. ಈಗ ತೋರಿಸು ಎಂದು ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ. ನನ್ನ ಟ್ರಂಕಿನಲ್ಲಿರುವ ಪ್ರಮಾಣಪತ್ರ ಸುಳ್ಳು, ಕುಬರಾ. ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದೇನೆ.

ನಿನ್ನೆ ತಡೆಯಲಾಗದೆ ಸರ್‌ಗೆ ಹೇಳಿದೆ. ಅವರು ಒಂದು ಖಾಲಿ ಲೋಟ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನಂದೂ ತಪ್ಪದ. ಆ ಲೋಟ ಎಲ್ಲವ್ವ ಅಂತ ನಾನೂ ಕೇಳಲಿಲ್ಲ" ಅಂದರು. ಅದರ ಹಿಂದೆಯೇ, "ಬೆಂಗಳೂರಿಗೆ ಹೋಗೋದಾದ್ರ ಎಲ್ಲಾ ಹೇಳೇ ಹೋಗಬೇಕು. ಆದ್ರ ಹೇಳೂ ಮೊದಲು ನಮಗ ಒಂದು ಗೊತ್ತಾಗಬೇಕು. ಬುಟ್ಟಿ ಖರೇನ ಹಿಡೀತದೋ, ಇಲ್ಲೋ?" ಅಂದರು.

ನಾವಿಬ್ಬರೂ ಇದ್ದಾಗ ಬಾವಿ ನೀರಿನಲ್ಲಿ ಹಿಡಿದಿತ್ತು, ಬಿಟ್ಟಿತ್ತು. ಅದು ನಿಜ ತಾನೆ? ನೀನು ನೋಡಿದ್ದೀಯ ತಾನೆ? ಈಗ ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿದೆ. ಮತ್ತೆ ಮಾಡಿ ನೋಡಲು ಪುಡಿ ಇಲ್ಲ. ಇದ್ದದ್ದನ್ನೆಲ್ಲ ಬೀದರಿನಲ್ಲಿ ಸುರಿದೆ, ಧಾರಾಳವಾಗಿ. ಸರ್ ಗೆಳೆಯ ಮುಂಬೈಗೆ ವರ್ಗವಾಗಿದ್ದಾನೆ. ಬೆಂಗಳೂರು ಸ್ಪರ್ಧೆ ಮಾರ್ಚ್ ಆರಕ್ಕೆ. ಇರುವುದು ನಿನ್ನ ಹತ್ತಿರದ ಆ ಚಿಟಿಕೆ ಒಂದೇ. ನೆನಪಿಗೆಂದು ಕೊಟ್ಟದ್ದನ್ನು ವಾಪಸ್ ಕೇಳಲು ನಾಚಿಕೆಯಾಗುತ್ತದೆ. ನೀನು ಅದನ್ನು ಎಸೆದಿದ್ದರೂ ನಾನು ಏನೂ ಅನ್ನುವುದಿಲ್ಲ.

ಅಯ್ಯೋ ಪಾಪ ಅನ್ನುವುದಿಲ್ಲ. ಆದರೆ ನೀನು ಆ ಗೇಟಿಗೆ ಮುಖ ಮಾಡಿ ಕೂರುವುದು ಓದಿ ನನಗೆ ಊಟ ಸೇರಲಿಲ್ಲ.

ಭಾಗಿ


ಹೈದರಾಬಾದ್
26 ಫೆಬ್ರವರಿ 2004

ಭಾಗಿ,

ಈ ಪತ್ರ ಅಬ್ಬಾ ಕೈಯಲ್ಲಿ ಬರುತ್ತಿದೆ. ಮೊಹರಮ್ಮಿಗೆ ಭಾಲ್ಕಿಗೆ ಬರುತ್ತಿದ್ದಾರೆ, ಪೀರ್ ಏಳುವಾಗ ಊರಲ್ಲಿ ಇರದಿದ್ದರೆ ಅವರಿಗೆ ಆಗುವುದಿಲ್ಲ. ಅವರ ಜೊತೆ ಒಂದು ಸಣ್ಣ ದಿಂಬೂ ಬರುತ್ತಿದೆ. ನಿನಗೆ ಹೊಲಿದದ್ದು ಅಂತ ಹೇಳಿದ್ದೇನೆ. ಅದು ನನ್ನದೇ ದಿಂಬು. ಮೂಲೆಯ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕು. ಪೊಟ್ಟಣ ಹಾಗೇ ಇದೆ. ಸಕ್ಕರೆಯ ವಂಶದ ಪುಡಿಯಲ್ಲವೇ, ಇರುವೆ ಹತ್ತುತ್ತದೆಂದು ಬಂದ ದಿನವೇ ಅರಳೆಯೊಳಗೆ ಹೊಲಿದಿದ್ದೆ. ಅದರ ಮೇಲೆ ತಲೆ ಇಟ್ಟು ಮಲಗುತ್ತಿದ್ದೆ. ಎಸೆಯುತ್ತೇನೆಯೇ ನಾನು.

ಹೌದು, ನಾನು ನೋಡಿದ್ದೇನೆ. ನಿನ್ನದು ನಸುಗುಲಾಬಿಗೆ ಇಳಿದಿತ್ತು, ನನ್ನದು ಗುಲಾಬಿಯಾಗಿಯೇ ಇತ್ತು, ಕರ್ಪೂರಕ್ಕೆ ನಿನ್ನದು ನಿಧಾನವಾಗಿ ವಾಪಸ್ ಬಂದಿತ್ತು. ಆಣೆ ಮಾಡಿ ಹೇಳುತ್ತೇನೆ. ಆದರೆ ನನ್ನ ಆಣೆಗಿಂತ ಲೋಟ ಹೇಳುವುದು ಒಳ್ಳೆಯದು.

ಒಂದೇ ಮಾತು. ನನ್ನ ಸಾಲೆಯ ವಿಷಯ ಅಬ್ಬಾ ಮುಂದೆ ತೆಗೆಯಬೇಡ. ಸರ್ ಕೂಡ ತೆಗೆಯಬಾರದು. ಅವರು ಈಗ ನೆಮ್ಮದಿಯಾಗಿದ್ದಾರೆ.

ನನ್ನ ಲೋಟವನ್ನು ಈ ಸಲ ಮರೆತರೆ ಬಂದು ಜಡೆ ಹಿಡಿದು ಎಳೆಯುತ್ತೇನೆ.

ಕುಬರಾ


ಭಾಲ್ಕಿ
3 ಮಾರ್ಚ್ 2004

ಕುಬರಾ,

ಕೂತು ಓದು. ಎಲ್ಲವನ್ನೂ ಸಾಲಾಗಿ ಬರೆಯುತ್ತೇನೆ.

ಮೊದಲು ನೀರು. ಬಾವಿ ನೀರೇ ಬೇಕೆಂದು ಸರ್ ಹಟ ಹಿಡಿದರು. ಔರಾದಿನಲ್ಲಿ ನಮ್ಮ ಅಜ್ಜಿಯ ಹಿತ್ತಲ ಬಾವಿ ಇನ್ನೂ ಒಸರುತ್ತದೆ. ಭಾನುವಾರ ಹೋಗಿ ಕ್ಯಾನು ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಕ್ಯಾನಿನ ಮುಚ್ಚಳ ಮೂಸಿ ನೋಡಿ, "ಏನವ್ವ, ಔರಾದಲಿಂದ ಭಾಲ್ಕಿಗಿ ನೀರು ಒಯ್ತಿಯಲ್ಲ, ಟ್ಯಾಂಕರದವರು ಸ್ಟ್ರೈಕ್ ಮಾಡ್ಯಾರೇನು?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಒಬ್ಬ ಮುದುಕಿ ಮಾತ್ರ ನಗಲಿಲ್ಲ, ಒಂದು ಗುಟುಕು ಕೊಡು ಎಂದಳು. ಕೊಟ್ಟೆ.

ಸೋಮವಾರ ಸಾಲೆ ಬಿಟ್ಟ ಮೇಲೆ ಚಾಚಾ ದಿಂಬು ತಂದರು. ಕೊಟ್ಟು ಹೋಗುವವರಿದ್ದರು. ನಾನು ಅವರ ಎದುರಿಗೇ ಹೊಲಿಗೆ ಬಿಚ್ಚತೊಡಗಿದೆ, ನನಗೆ ತಾಳ್ಮೆ ಎಲ್ಲಿತ್ತು. ಅವರು ಬೆಚ್ಚಿದರು. "ಛಲೋ ದಿಂಬ ಯಾಕ ಹರೀತಿಯವ್ವ" ಅಂದರು. ಪೊಟ್ಟಣ ಹೊರಗೆ ಬಂದಾಗ ದಿಂಬನ್ನು ತಿರುಗಿಸಿ ನೋಡಿ, "ಇದು ಕುಬರಾ ಮಲಗೂ ದಿಂಬ ಅದ" ಅಂದರು.

ಸರ್ ಅವರಿಗೆ ಸ್ಟೂಲು ಹಾಕಿ ಕೂರಿಸಿದರು. ಎರಡು ಲೋಟ ಗುಲಾಬಿ ನೀರು ಮಾಡಿದೆವು. ಒಂದು ನನ್ನದು. ಇನ್ನೊಂದನ್ನು ಸರ್ ಚಾಚಾ ಕೈಗೆ ಕೊಟ್ಟರು.

"ನಾ ಏನ್ ಮಾಡಬೇಕ್ರಿ ಮಾಸ್ತರ್?"

"ಏನೂ ಮಾಡಬ್ಯಾಡ್ರಿ. ಬಣ್ಣ ಹೋಗ್ತದೇನು ನೋಡಕೋತ ಕೂಡ್ರಿ."

ಚಾಚಾ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತರು, ಗಡ್ಡವೂ ಅಲುಗಲಿಲ್ಲ. ನನ್ನ ಲೋಟಕ್ಕೆ ನಿನ್ನ ಪುಡಿ ಹಾಕಿದೆ. ಅರ್ಧ ಮಾತ್ರ, ಅರ್ಧ ಬೆಂಗಳೂರಿಗೆ ಇಟ್ಟೆ. ಕಣ್ಣು ಮುಚ್ಚಿಕೊಂಡೆ, ನೋಡುವ ಧೈರ್ಯ ಬರಲಿಲ್ಲ. ಸರ್ ನನ್ನ ಭುಜ ಅಲುಗಿಸಿದರು.

ಬಣ್ಣ ಇಳಿದಿತ್ತು ಕುಬರಾ. ಪೂರ್ತಿ ಬಿಳಿಯಲ್ಲ, ಮೊದಲಿನ ಹಾಗೆ ನಸುಗುಲಾಬಿ. ಚಾಚಾ ಲೋಟ ಇದ್ದ ಹಾಗೇ ಇತ್ತು. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಕರ್ಪೂರ ಹಾಕಿದೆ. ಮೊದಲು ಏನೂ ಇಲ್ಲ. ನಂತರ ಮೆಲ್ಲಗೆ ಬಂತು. ಗುಲಾಬಿ ವಾಪಸ್ ಬಂತು. ನಾನು ಅಲ್ಲೇ ಬೆಂಚಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದರು. ಬುಟ್ಟಿ ಹಿಡಿಯುತ್ತದೆ. ಬಿಡುತ್ತದೆ. ನಾವು ನೋಡಿದ್ದು ನಿಜ.

ಚಾಚಾ ಮಾತ್ರ ಲೋಟ ಕೆಳಗಿಟ್ಟಿರಲಿಲ್ಲ. ಇನ್ನು ಇಡ್ರಿ ಎಂದಾಗ ಕೇಳಿದರು, "ನಮ್ಮ ಕುಬರಾ ಇಲ್ಲಿ ಇದನ್ನೇ ಮಾಡ್ತಿದ್ಲೇನ್ರಿ?"

ನಾನು ಮಾತು ಕೊಟ್ಟಿದ್ದೆ, ಬಾಯಿ ಬಿಡಲಿಲ್ಲ. ಸರ್ ಕೂಡ ಸಾಲೆಯ ಮಾತೆತ್ತಲಿಲ್ಲ. ಕಪಾಟು ತೆರೆದು ನಿನ್ನ ಅರಳೆ ಬುಟ್ಟಿಯನ್ನು ಅವರ ತೊಡೆಯ ಮೇಲೆ ಇಟ್ಟರು, ಅಷ್ಟೇ. ಚಾಚಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. "ಈ ಟಾಕಾ ನಮ್ಮ ಮನೀದು" ಅಂದರು. ಬುಟ್ಟಿಯನ್ನು ಹಿಡಿದುಕೊಂಡೇ, "ಸಾಲಿ ಬ್ಯಾಡ ಅಂದಾಳ ನನಗ ಆಕಿ. ಬ್ಯಾಡಾದಾಕಿ ಇಷ್ಟು ಮನಸಿಟ್ಟು ಹೊಲೀತಾಳೇನ್ರಿ? ಈ ಪುಡಿ ದಿಂಬನ್ಯಾಗ ಬಚ್ಚಿಟ್ಟು ಮಲಗ್ತಾಳೇನ್ರಿ?" ಅಂದರು.

ಹೋಗುವಾಗ ಬಾಗಿಲಲ್ಲಿ ನಿಂತು, ಹಾಸ್ಟೆಲಿನಲ್ಲಿ ಹೊಸ ಹುಡುಗಿಯರನ್ನು ವರ್ಷ ಮುಗಿಯುವ ಹೊತ್ತಿನಲ್ಲೂ ತೆಗೆದುಕೊಳ್ಳುತ್ತಾರೇನ್ರಿ ಎಂದು ಸರ್‌ನ ಕೇಳಿದರು. ಮುಂದಿನದು ನನಗೆ ಗೊತ್ತಿಲ್ಲ. ನಾಳೆ ಸಂಜೆ ಬೆಂಗಳೂರಿನ ಬಸ್ಸು.

ಭಾಗಿ


ಹೈದರಾಬಾದ್
4 ಮಾರ್ಚ್ 2004

ಭಾಗಿ,

ಅಬ್ಬಾ ಇವತ್ತು ಬೆಳಗಿನ ಗಾಡಿಗೆ ಬಂದರು. ಬೂಟು ಕೂಡ ಬಿಚ್ಚಲಿಲ್ಲ. ನಾನು ಅಂಗಡಿಯಲ್ಲಿ ಅರಳೆಯ ನಡುವೆ ಕೂತಿದ್ದೆ. ಎದುರಿಗೆ ಬಂದು ಕೂತರು. "ನನ್ನ ಕೂಡ ಸುಳ್ಳು ಹೇಳಿದೆಲ್ಲ ಬೇಟಿ" ಅಂದರು. ಬಯ್ಯುತ್ತಾರೆ ಅಂದುಕೊಂಡೆ. ಅವರು ನನ್ನ ತಲೆಯಲ್ಲಿ ಅಂಟಿದ್ದ ಅರಳೆಯನ್ನು ಒಂದೊಂದೇ ಎಳೆ ಆರಿಸಿ ತೆಗೆದರು. ಎಲ್ಲ ತೆಗೆದ ಮೇಲೆ, "ಸಾಮಾನ ಕಟ್ಟು" ಅಂದರು.

ಅಮ್ಮಿ ಒಂದು ಕಣ್ಣಲ್ಲಿ ಅಳುತ್ತ, ಇನ್ನೊಂದರಲ್ಲಿ ನಗುತ್ತ ರೊಟ್ಟಿ ಮಾಡುತ್ತಿದ್ದಾಳೆ. ಅವರಿಬ್ಬರೂ ಇಲ್ಲೇ ಇರುತ್ತಾರೆ, ಮಳೆ ಬಂದರೆ ನೋಡೋಣ ಅನ್ನುತ್ತಾರೆ. ಅಬ್ಬಾ ನನ್ನನ್ನು ಬಿಟ್ಟು ವಾಪಸ್ ಬರುತ್ತಾರೆ. ಈ ಪತ್ರಕ್ಕಿಂತ ಮೊದಲು ನಾನೇ ಮುಟ್ಟಬಹುದು. ಆದರೂ ಬರೆದೆ, ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತಿತ್ತು.

ಕುಬರಾ


ಬೆಂಗಳೂರು
7 ಮಾರ್ಚ್ 2004

ಕುಬರಾಳಿಗೆ, ಬಾಲಕಿಯರ ಹಾಸ್ಟೆಲ್, ಭಾಲ್ಕಿ,

ವಿಳಾಸವನ್ನು ಬೇಕೆಂದೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಸರ್ ನಿನ್ನೆ ಬೂತಿನಿಂದ ಹೆಡ್‌ಮಾಸ್ಟರರಿಗೆ ಫೋನ್ ಮಾಡಿದಾಗ ನೀನು ಬಂದದ್ದು ತಿಳಿಯಿತು. "ನಿನ್ನ ಜೋಡಿ ಬಂದಳವ್ವ, ಹಾಜರಿಗಿ ಹೆಸರೂ ಹತ್ತೇದ" ಎಂದರು. ನಾಡಿದ್ದು ನಾನೇ ಬರುತ್ತೇನೆ, ಈ ಪತ್ರ ನನ್ನ ಹಿಂದೆ ಬರುತ್ತದೆ, ಅದೂ ಗೊತ್ತು. ಆದರೆ ಇಷ್ಟು ದಿನ ಕೆಟ್ಟದ್ದನ್ನೆಲ್ಲ ಕಾಗದದಲ್ಲೇ ಹೇಳಿಕೊಂಡೆವು, ಒಳ್ಳೆಯದೂ ಒಂದು ಇರಲಿ.

ಎಲ್ಲ ಹೇಳಿದೆ. ಟ್ಯಾಂಕರ್ ನೀರು, ಬೀದರಿನಲ್ಲಿ ನಾನು ನುಂಗಿದ ಮಾತು, ಆ ಬಹುಮಾನ ವಾಪಸ್ ಬೇಕಾದರೆ ಕೊಡುತ್ತೇನೆಂದು ತಂದಿದ್ದ ಪ್ರಮಾಣಪತ್ರ, ಎಲ್ಲ. ಪರೀಕ್ಷಕರಲ್ಲಿ ಬಿಳಿ ಕೂದಲಿನ ಒಬ್ಬ ಮೇಡಂ ಇದ್ದರು. ಎಲ್ಲ ಕೇಳಿ, ಹಾಗಾದರೆ ಈಗ ತೋರಿಸು ಎಂದರು. ಔರಾದಿನ ನೀರು, ನಿನ್ನ ಉಳಿದರ್ಧ ಪುಡಿ, ಎರಡು ಲೋಟ. ಬಣ್ಣ ಇಳಿಯಿತು. ಕರ್ಪೂರ ಹಾಕಿದಾಗ ವಾಪಸ್ ಬಂತು. ಮೇಡಂ ನನ್ನ ಲೋಟವನ್ನು ನೋಡಿ ತಲೆದೂಗಿ, ಪಕ್ಕದ ಲೋಟ ಎತ್ತಿ ಕೇಳಿದರು, ಇದು ಯಾಕೆ ಮೊದಲಿನಿಂದ ಹಾಗೇ ಇದೆ ಎಂದು.

"ಅದು ಹಾಗೇ ಇರ್ಬೇಕ್ರಿ" ಎಂದೆ. "ಅದು ಕುಬರಾಳ ಲೋಟ. ಆಕಿ ಇರಲಾರದಾಗ ನಾವು ಅದನ್ನ ಇಡಲಿಲ್ಲ, ಅದಕ್ಕ ತಪ್ಪಿದ್ವಿ."

ಕುಬರಾ ಯಾರು ಎಂದು ಕೇಳಿದರು. ಹೇಳಿದೆ. ನಾನು ಎಷ್ಟು ಮಾತಾಡಿದೆನೋ, ಸರ್ ಹಿಂದಿನಿಂದ ಸಾಕು ಎಂದು ಸನ್ನೆ ಮಾಡುವವರೆಗೆ.

ಎರಡನೆಯ ಬಹುಮಾನ. ಬೀದರಿನ ಪ್ರಮಾಣಪತ್ರವನ್ನು ನನ್ನಲ್ಲೇ ಇಟ್ಟುಕೊಳ್ಳಲು ಹೇಳಿದರು, ಆದರೆ ತಪ್ಪನ್ನು ಬರೆದು ಜಿಲ್ಲೆಗೆ ಕಳಿಸಬೇಕಂತೆ. ಕಳಿಸುತ್ತೇನೆ, ನೀನು ತಿದ್ದಿಕೊಡು, ಇಲ್ಲದಿದ್ದರೆ ನಾನು ಉದ್ದ ಬರೆಯುತ್ತೇನೆ. ನೀನು ಈಗ ಮತ್ತೆ ನಮ್ಮ ಸಾಲೆಯವಳು, ನಿಯಮ ಅಡ್ಡ ಬರಲಿಲ್ಲ, ಹೆಸರು ಕೂಗುವಾಗ ಎರಡು ಕೂಗಿದರು. ನಿನ್ನದನ್ನು ಮೊದಲು ಕೂಗಿದರು, ನಾನು ಎದ್ದು ನಿಂತೆ, ಇನ್ನೂ ನನ್ನದು ಬಂದಿರಲಿಲ್ಲ. ಜನ ನಕ್ಕರು. ನನಗೂ ನಗು ಬಂತು, ಎಷ್ಟೋ ದಿನದ ಮೇಲೆ. ಎದೆಯ ಮೇಲೆ ಕೂತಿದ್ದುದು ಎದ್ದುಹೋಗಿದೆ. ಇವತ್ತು ಮಧ್ಯಾಹ್ನ ಉಂಡು ಮಲಗಿದವಳು ಸರ್ ಬಾಗಿಲು ಬಡಿಯುವವರೆಗೂ ಏಳಲಿಲ್ಲ.

ನನ್ನ ಪಕ್ಕದಲ್ಲಿ, ಕಿಟಕಿಯ ಕಡೆ ಹಾಸಿಕೋ. ಅಲ್ಲಿ ಯಾರಾದರೂ ಒದ್ದೆ ಬಟ್ಟೆ ಹಾಕಿದ್ದರೆ ತೆಗೆದುಬಿಡು. ನಿನ್ನ ದಿಂಬು ನನ್ನ ಟ್ರಂಕಿನ ಮೇಲಿದೆ. ಮೂಲೆ ಬಿಚ್ಚಿದ್ದು ಹಾಗೇ ಇದೆ, ನನಗೆ ಹೊಲಿಯಲು ಬರಲಿಲ್ಲ, ನಿಮ್ಮ ಮನೆಯ ಟಾಕಾ ನೀನೇ ಹಾಕಿಕೋ.

ಭಾಗಿ